ಚಳ್ಳಕೆರೆಯ ಚಂದ್ರ, ಮದ್ದೂರಿನ ಪಹಣಿ

2023ರ ಅಕ್ಟೋಬರ್ 12. ತಾರೀಕು ನೆನಪಿಲ್ಲದಿದ್ದರೂ ಆ ಸದ್ದು ನಿಮಗೆ ನೆನಪಿರುತ್ತದೆ. ಕರ್ನಾಟಕದ ಮೊಬೈಲುಗಳು ಇದ್ದಕ್ಕಿದ್ದ ಹಾಗೆ ಅರಚಿಕೊಂಡವು. ಕರೆಯ ಸದ್ದಲ್ಲ, ಮೆಸೇಜಿನ ಸದ್ದೂ ಅಲ್ಲ, ಅದುವರೆಗೆ ಕೇಳದ ಒಂದು ಸೈರನ್. ಪರದೆಯ ಮೇಲೆ ಮೂಡಿದ್ದನ್ನು ಓದಿದವರಿಗೆ ಸಮಾಧಾನವಾಯಿತು. ಇದು ದೂರಸಂಪರ್ಕ ಇಲಾಖೆಯ ಪರೀಕ್ಷಾ ಸಂದೇಶ, ನೀವೇನೂ ಮಾಡಬೇಕಾಗಿಲ್ಲ ಎಂದು ಅಲ್ಲಿ ಬರೆದಿತ್ತು. ಪ್ರವಾಹ, ಭೂಕಂಪದಂಥ ಹೊತ್ತಿನಲ್ಲಿ ಎಲ್ಲರಿಗೂ ಒಟ್ಟಿಗೆ ಎಚ್ಚರಿಕೆ ಕೊಡುವ ವ್ಯವಸ್ಥೆ ಸರಿಯಾಗಿದೆಯೇ ಎಂದು ಸರ್ಕಾರ ನಮ್ಮ ನಿಮ್ಮ ಫೋನಿನ ಮೇಲೇ ಪರೀಕ್ಷೆ ಮಾಡಿತ್ತು.

ಪರೀಕ್ಷೆ ಎಂದು ಬರೆದಿದ್ದರಿಂದ ಬಚಾವ್. ಬರೆಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಹವಾಯಿ ದ್ವೀಪಗಳ ಉದಾಹರಣೆ ಇದೆ. 2018ರ ಜನವರಿ 13ರ ಬೆಳಿಗ್ಗೆ ಅಲ್ಲಿನ ಜನರ ಫೋನಿಗೆ ಕ್ಷಿಪಣಿ ಬರುತ್ತಿದೆ, ಆಶ್ರಯ ಹುಡುಕಿಕೊಳ್ಳಿ, ಇದು ಅಣಕು ಅಲ್ಲ ಎಂಬ ಸಂದೇಶ ಬಂತು. ಕ್ಷಿಪಣಿ ಇರಲಿಲ್ಲ. ಕಚೇರಿಯಲ್ಲಿ ಅಣಕು ಕವಾಯತು ನಡೆಯುತ್ತಿದ್ದಾಗ ಒಬ್ಬ ನೌಕರ ಅಸಲಿ ಎಚ್ಚರಿಕೆಯನ್ನೇ ಕಳಿಸಿಬಿಟ್ಟಿದ್ದ. ಅಣಕು ಮತ್ತು ಅಸಲಿ ಎರಡೂ ಒಂದೇ ಕಂಪ್ಯೂಟರ್ ಪರದೆಯಲ್ಲಿ, ಒಂದರ ಪಕ್ಕ ಒಂದು ಇದ್ದವು. ತಪ್ಪು ಸಂದೇಶವೆಂದು ಎಲ್ಲರ ಫೋನಿಗೂ ತಿಳಿಸಲು 38 ನಿಮಿಷ ಬೇಕಾಯಿತು. ಅಷ್ಟು ಹೊತ್ತು ಜನ ಮಕ್ಕಳನ್ನು ಅವುಚಿಕೊಂಡು ಸಾವಿಗೆ ಕಾದರು.

ಪ್ರಯೋಗ ಎಲ್ಲಿ ಮುಗಿಯಬೇಕು, ಅಸಲಿ ಎಲ್ಲಿಂದ ಶುರುವಾಗಬೇಕು? ಕಂಪ್ಯೂಟರ್ ಕೆಲಸದವರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರದ ಹೆಸರು ಸ್ಟೇಜಿಂಗ್ ಸೈಟ್. ನಾವು ಇದನ್ನು ತಾಲೀಮು ತಾಣ ಎಂದು ಕರೆಯುತ್ತೇವೆ. ಜನ ಬಳಸುವ ವೆಬ್‌ಸೈಟಿನ ಪಡಿಯಚ್ಚು ಇನ್ನೊಂದು ಕಡೆ ಇರುತ್ತದೆ. ಅದೇ ಪುಟ, ಅದೇ ಗುಂಡಿ, ಅದೇ ಅರ್ಜಿ ನಮೂನೆ. ಬದಲಾವಣೆ ಏನಿದ್ದರೂ ಮೊದಲು ಅಲ್ಲಿ. ಅದು ಒಡೆದರೆ ಒಡೆಯಲಿ, ಯಾರ ಅರ್ಜಿಯೂ ಕಳೆಯುವುದಿಲ್ಲ, ಯಾರ ದುಡ್ಡೂ ಹೋಗುವುದಿಲ್ಲ. ಎಲ್ಲ ಸರಿಯಿದೆ ಎಂದಾದ ಮೇಲೆ ಆ ಬದಲಾವಣೆಯನ್ನು ಅಸಲಿ ತಾಣಕ್ಕೆ ದಾಟಿಸುತ್ತಾರೆ.

ನಮ್ಮ ಸೀಮೆಗೆ ಇದು ಹೊಸ ವಿದ್ಯೆಯೇನೂ ಅಲ್ಲ. ದಾವಣಗೆರೆ ಎಂದರೆ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಊರ ಹಬ್ಬಕ್ಕೆ ನಾಟಕ ಆಡುವ ಹುಡುಗರೂ ರಾತ್ರಿ ರಾತ್ರಿ ತಾಲೀಮು ಮಾಡುತ್ತಾರೆ, ಕೊನೆಗೆ ಬಣ್ಣ, ಸೀನು, ಹಾರ್ಮೋನಿಯಂ ಸಮೇತ ಒಂದು ಪೂರ್ತಿ ಆಟ ಆಡಿ ನೋಡುತ್ತಾರೆ. ರೈತರಿಗಂತೂ ಹೇಳುವುದೇ ಬೇಡ. ಬಿತ್ತನೆ ಬೀಜವನ್ನು ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ನೋಡಿಯೇ ಹೊಲಕ್ಕೆ ಇಳಿಸುವವರು ಈಗಲೂ ಇದ್ದಾರೆ. ನೂರರಲ್ಲಿ ನಲವತ್ತು ಮೊಳೆಯದಿದ್ದರೆ ನಷ್ಟವಾಗುವುದು ನೂರು ಕಾಳು ಮಾತ್ರ, ಒಂದು ಹಂಗಾಮು ಉಳಿಯುತ್ತದೆ.

ಆದರೆ ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುವ ಲೆಕ್ಕ ಕಂಪ್ಯೂಟರಿಗೆ ನಡೆಯುವುದಿಲ್ಲ. ಅಲ್ಲಿ ಪ್ರತಿ ಅಗುಳೂ ಬೇರೆ ಬೇರೆ ಬೇಯುತ್ತದೆ. ಒಂದು ಗುಂಡಿ ಸರಿಯಾಗಿ ಕೆಲಸ ಮಾಡಿತು ಎಂದರೆ ಅದರ ಪಕ್ಕದ್ದೂ ಮಾಡುತ್ತದೆ ಎಂದು ನಂಬುವ ಹಾಗಿಲ್ಲ. ಇದನ್ನು ಕರ್ನಾಟಕ ದೊಡ್ಡ ಮಟ್ಟದಲ್ಲಿ ಕಲಿತದ್ದು ನಿಮ್ಮ ಮನೆಯ ಟ್ರಂಕಿನಲ್ಲಿರುವ ಒಂದು ಕಾಗದದಿಂದ. ಅದು ಪಹಣಿ.

ಹಿಂದೆ ಪಹಣಿ ಹೇಗಿತ್ತು ಎಂದು ಹೇಳದೆ ಮುಂದೆ ಹೋದರೆ ಕಿರಿಯ ಓದುಗರಿಗೆ ಈ ಕಥೆ ತಲೆಬುಡ ತಿಳಿಯದು. ಊರ ಜಮೀನಿನ ಲೆಕ್ಕ ಮೊದಲು ಶಾನುಭೋಗರ ಕೈಯಲ್ಲಿತ್ತು. ವಂಶಪಾರಂಪರ್ಯವಾಗಿ ಬಂದ ಊರ ಅಧಿಕಾರಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂತು. ಅವರ ಜಾಗಕ್ಕೆ ಸರ್ಕಾರಿ ನೌಕರರಾದ ಗ್ರಾಮ ಲೆಕ್ಕಿಗರು ಬಂದರು. 1990ರ ದಶಕದ ಹೊತ್ತಿಗೆ ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು, ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಪುಸ್ತಕ ಅವರ ಬಳಿ, ಪೆನ್ನು ಅವರ ಬಳಿ. ಬ್ಯಾಂಕ್ ಸಾಲಕ್ಕೆ ಪಹಣಿ ಬೇಕೆಂದರೆ ಅವರು ಇವತ್ತು ಯಾವ ಊರಲ್ಲಿದ್ದಾರೆ ಎಂದು ಹುಡುಕಿಕೊಂಡು ಹೋಗಬೇಕು. ಸಿಕ್ಕರೂ ಕೈ ಬಿಸಿ ಮಾಡದೆ ಕೆಲಸವಾಗುವುದು ಕಷ್ಟ. ಖಾತೆ ಬದಲಾವಣೆಯ ಅರ್ಜಿ ತಿಂಗಳುಗಟ್ಟಲೆ ಕೊಳೆಯುತ್ತಿತ್ತು. ಪುಸ್ತಕದಲ್ಲಿ ಒಂದು ಗೆರೆ ಎಳೆದು ಇನ್ನೊಂದು ಹೆಸರು ಬರೆದರೆ ಕೇಳುವವರಿರಲಿಲ್ಲ.

ಈ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವ ಮೊದಲ ಪ್ರಯೋಗ ನಡೆದದ್ದು 1991ರಲ್ಲಿ, ಆಗಿನ ಗುಲ್ಬರ್ಗಾ ಜಿಲ್ಲೆಯಲ್ಲಿ, ಕೇಂದ್ರ ಸರ್ಕಾರದ ಪೂರ್ತಿ ಖರ್ಚಿನಲ್ಲಿ. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಮಂಜೂರಾದದ್ದೇ ಬಂತು. ಪಹಣಿಯಲ್ಲಿ ಹೆಸರು ಬದಲಾಗುವುದು, ಬೆಳೆ ಬರೆಯುವುದು, ಸಾಲದ ಋಣ ನಮೂದಾಗುವುದು ಎಲ್ಲವೂ ತಾಲ್ಲೂಕು ಮಟ್ಟದಲ್ಲಿ. ಆ ಯೋಜನೆಯಲ್ಲಿ ತಾಲ್ಲೂಕಿಗೆ ಕಂಪ್ಯೂಟರ್ ಕೊಡುವ ಏರ್ಪಾಡೇ ಇರಲಿಲ್ಲ. ಜಿಲ್ಲೆಯಲ್ಲಿ ಕೂತು ಒಮ್ಮೆ ಎಲ್ಲವನ್ನೂ ತುಂಬಿದ್ದಾಯಿತು ಎಂದುಕೊಳ್ಳಿ. ಮರುದಿನವೇ ತಾಲ್ಲೂಕಿನ ಪುಸ್ತಕ ಬದಲಾಗುತ್ತದೆ, ಕಂಪ್ಯೂಟರಿನೊಳಗಿನದು ಹಳತಾಗುತ್ತದೆ. ಯಂತ್ರ ಕೆಟ್ಟಿರಲಿಲ್ಲ, ಯಂತ್ರ ಇದ್ದ ಜಾಗ ತಪ್ಪಾಗಿತ್ತು. ಪ್ರಯೋಗ ಮಾಡುವ ಜಾಗ ಅಸಲಿ ಕೆಲಸ ನಡೆಯುವ ಜಾಗದಂತೆ ಇರಬೇಕು ಎಂಬ ಮೊದಲ ಪಾಠ ಇದು.

ಎರಡನೇ ಸಲ ಬಂದದ್ದು 'ಭೂಮಿ'. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ ಅದು ರಾಜ್ಯದ ತುಂಬ ಹರಡಿತು. ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಬೆಂಗಳೂರಿನ ತಂಡ. ಈ ಸಲ ಕಂಪ್ಯೂಟರ್ ತಾಲ್ಲೂಕು ಕಚೇರಿಗೇ ಬಂತು. ಮಂಡ್ಯ ಜಿಲ್ಲೆಯ ಮದ್ದೂರು ಮೊದಲು ಪ್ರಯೋಗಕ್ಕೆ ಒಡ್ಡಿಕೊಂಡ ತಾಲ್ಲೂಕು. ಮೊದಲು ಬೆರಳೆಣಿಕೆಯ ತಾಲ್ಲೂಕುಗಳು, ಆಮೇಲೆ ಆಗಿದ್ದ 27 ಜಿಲ್ಲೆಗಳಲ್ಲಿ ಜಿಲ್ಲೆಗೊಂದು, ಕೊನೆಗೆ 177 ತಾಲ್ಲೂಕು. ಒಟ್ಟು ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು.

ನಮ್ಮ ಜಿಲ್ಲೆಯ ಪರಿಸ್ಥಿತಿಯನ್ನೂ ನೆನಪಿಸಿಕೊಳ್ಳಿ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಹರಿಹರ, ದಾವಣಗೆರೆ, ಜಗಳೂರು ಚಿತ್ರದುರ್ಗದಿಂದ ಬಂದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಮೂರು ಜಿಲ್ಲೆಗಳ ತಾಲ್ಲೂಕುಗಳು ಒಂದಾದ ಕೆಲವೇ ವರ್ಷಕ್ಕೆ ಭೂಮಿಯೂ ಬಂತು. ನಂದಿಗುಡಿ ಕಡೆಯವರು ಪಹಣಿಗೆ ಹರಿಹರದ ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ನಿಂತು 15 ರೂಪಾಯಿ ಕೊಡುವ ಕಾಲ ಶುರುವಾಯಿತು.

ಭೂಮಿಯ ಒಳಗಿನ ಏರ್ಪಾಡುಗಳಲ್ಲಿ ಕೆಲವು ಇವತ್ತಿಗೂ ಮೆಚ್ಚುವಂಥವು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು, ನಡುವೆ ತೂರಿಸುವ ಹಾಗಿಲ್ಲ. ನೌಕರ ಬೆರಳಚ್ಚು ಕೊಡದೆ ಒಳಗೆ ಹೋಗುವ ಹಾಗಿಲ್ಲ, ಆದ್ದರಿಂದ 'ನಾನು ಮಾಡಿಲ್ಲ' ಎನ್ನುವ ಹಾಗೂ ಇಲ್ಲ. ಕಿಟಕಿಯಲ್ಲಿ ರೈತನ ಕಡೆ ಮುಖ ಮಾಡಿದ ಇನ್ನೊಂದು ಪರದೆ ಇತ್ತು. ಒಳಗೆ ಕೂತವರು ಏನು ಒತ್ತುತ್ತಿದ್ದಾರೆ ಎಂದು ಹೊರಗೆ ನಿಂತವರಿಗೂ ಕಾಣಲಿ ಎಂದು. ಈ ಎರಡನೇ ಪರದೆಯ ಯೋಚನೆ ಯಾರಿಗೆ ಬಂತೋ, ಅವರಿಗೆ ಒಂದು ನಮಸ್ಕಾರ.

ಈಗ ತಾಲೀಮಿನ ಮಾತಿಗೆ ಬರೋಣ. ಮದ್ದೂರು ಭೂಮಿಯ ತಾಲೀಮು ತಾಣವೇ? ಸರ್ಕಾರಿ ಕಾಗದಗಳಲ್ಲಿ ಇಂಥದ್ದಕ್ಕೆ 'ಪ್ರಾಯೋಗಿಕ ಜಾರಿ' ಎನ್ನುತ್ತಾರೆ. ಕೇಳಲು ಎರಡೂ ಒಂದೇ ಅನ್ನಿಸುತ್ತದೆ. ನಮಗೆ ಹಾಗನ್ನಿಸುವುದಿಲ್ಲ. ತಾಲೀಮಿನಲ್ಲಿ ಭೀಮ ಗದೆ ಬೀಸಿದರೆ ದುರ್ಯೋಧನನ ತೊಡೆ ಮುರಿಯುವುದಿಲ್ಲ. ಪ್ರಾಯೋಗಿಕ ಜಾರಿಯಲ್ಲಿ ಮುರಿಯುತ್ತದೆ. ಮದ್ದೂರಿನ ರೈತನ ಪಹಣಿ ನಿಜವಾದ ಪಹಣಿ, ಅವನು ಕಟ್ಟಿದ ಕಂದಾಯ ನಿಜವಾದ ಕಂದಾಯ. ಅಲ್ಲಿ ಏನಾದರೂ ತಪ್ಪಿದರೆ ಬ್ಯಾಂಕಿನಿಂದ ಬರಿಗೈಲಿ ವಾಪಸು ಬರುವವನು ಅವನೇ. ಪ್ರಾಯೋಗಿಕ ಜಾರಿಯಿಂದ ಉಳಿದ 176 ತಾಲ್ಲೂಕುಗಳಿಗೆ ರಕ್ಷಣೆ ಸಿಗುತ್ತದೆ, ಮೊದಲ ತಾಲ್ಲೂಕಿಗೆ ಸಿಗುವುದಿಲ್ಲ. ಮೊದಲ ತಾಲ್ಲೂಕಿಗೂ ರಕ್ಷಣೆ ಸಿಗಬೇಕೆಂದರೆ ಅದಕ್ಕೂ ಮುಂಚೆ ನಕಲಿನ ಮೇಲೆ ಒಂದು ಪರೀಕ್ಷೆ ಆಗಿರಬೇಕು.

ಭೂಮಿಗೆ ಅಂಥ ಒಂದು ಪರೀಕ್ಷೆ ಇತ್ತು, ಕಾಗದದ ರೂಪದಲ್ಲಿ. ಪುಸ್ತಕದಿಂದ ಕಂಪ್ಯೂಟರಿಗೆ ತುಂಬಿದ ಪಹಣಿಗಳನ್ನು ಮತ್ತೆ ಮುದ್ರಿಸಿ ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟರು. ಅವರು ಕೈಬರಹದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಬೇಕು, ತಿದ್ದಬೇಕು, ಸಹಿ ಹಾಕಬೇಕು. ಸಹಿಯಾದ ಮೇಲಷ್ಟೇ ಆ ತಾಲ್ಲೂಕು ಅಸಲಿಗೆ ಇಳಿಯುವುದು. ಒಳ್ಳೆಯ ಕ್ರಮವೇ. ಆದರೆ ಅದು ಪುಸ್ತಕಕ್ಕೂ ಕಂಪ್ಯೂಟರಿಗೂ ಇರುವ ಹೊಂದಾಣಿಕೆ ನೋಡುವ ಪರೀಕ್ಷೆ. ಪುಸ್ತಕಕ್ಕೂ ಹೊಲಕ್ಕೂ ಹೊಂದಾಣಿಕೆ ಇದೆಯೇ ಎಂದು ಅದು ನೋಡುವುದಿಲ್ಲ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಪುಸ್ತಕದಲ್ಲಿ ಅಜ್ಜನ ಹೆಸರೇ ಇದ್ದರೆ ಕಂಪ್ಯೂಟರಿನಲ್ಲೂ ಅಜ್ಜನೇ. ಹಳೆಯ ತಪ್ಪಿಗೆ ಹೊಸ ಅಚ್ಚಿನ ಅಂದ ಬಂತು, ಅಷ್ಟೆ. ಅಚ್ಚಾದ ತಪ್ಪನ್ನು ತಿದ್ದಿಸುವುದು ಬರೆದ ತಪ್ಪನ್ನು ತಿದ್ದಿಸುವುದಕ್ಕಿಂತ ಕಷ್ಟ ಎಂಬುದನ್ನು ಪಹಣಿ ತಿದ್ದುಪಡಿಗೆ ಅಲೆದವರು ನಮಗಿಂತ ಚೆನ್ನಾಗಿ ಬಲ್ಲರು. ಮುಂದೆ ಸರ್ಕಾರವೇ ಕಂದಾಯ ಅದಾಲತ್‌ಗಳನ್ನು ನಡೆಸಿ ಈ ತಪ್ಪುಗಳನ್ನು ಸರಿಪಡಿಸಲು ಹೊರಡಬೇಕಾಯಿತು.

ಎಂಥ ತಪ್ಪುಗಳು ಇಂಥ ಜಾಗದಲ್ಲಿ ಅಡಗಿರುತ್ತವೆ ಎಂಬುದಕ್ಕೆ ನಾವೇ ಒಂದು ಲೆಕ್ಕ ಕೊಡುತ್ತೇವೆ. ನಿಮ್ಮ ಪಹಣಿ ತೆಗೆದು ವಿಸ್ತೀರ್ಣದ ಅಂಕಣ ನೋಡಿ. 1.20 ಎಂದಿದ್ದರೆ 1 ಎಕರೆ 20 ಗುಂಟೆ. 40 ಗುಂಟೆಗೆ 1 ಎಕರೆ, ಆದ್ದರಿಂದ ಅದು ಒಂದೂವರೆ ಎಕರೆ. ಅದರ ಮುಂದಿನ ಮನೆ ಆಣೆ, 16 ಆಣೆಗೆ 1 ಗುಂಟೆ. ಊರಿನ ಮಗುವಿಗೂ ಇದು ಗೊತ್ತು. ಪಟ್ಟಣದಲ್ಲಿ ಬೆಳೆದ, ಗುಂಟೆಯ ಹೆಸರೇ ಕೇಳದ ಹುಡುಗನೊಬ್ಬ ಸಾಫ್ಟ್‌ವೇರ್ ಬರೆಯುತ್ತಿದ್ದಾನೆ ಎಂದುಕೊಳ್ಳಿ. ಅವನಿಗೆ 1.20 ಎಂದರೆ ಶಾಲೆಯಲ್ಲಿ ಕಲಿತ ದಶಮಾಂಶ. ಅಣ್ಣನ 1.20, ತಮ್ಮನ 1.20 ಕೂಡಿಸಿ ಅವನ ಕಂಪ್ಯೂಟರ್ 2.40 ಎನ್ನುತ್ತದೆ. ಆಗಬೇಕಾದದ್ದು 3 ಎಕರೆ. ಅವನು ತನ್ನ ಮೇಜಿನ ಮೇಲೆ 1.00, 2.00, 5.00 ಎಂದು ಸುಲಭದ ಅಂಕಿ ಹಾಕಿ ಪರೀಕ್ಷೆ ಮಾಡಿದರೆ ಎಲ್ಲವೂ ಸರಿಯಾಗಿಯೇ ಬರುತ್ತದೆ. ಪಾಲಾಗಿ ಪಾಲಾಗಿ ಚೂರಾದ ನಿಜವಾದ ಊರಿನ ಸರ್ವೆ ನಂಬರುಗಳನ್ನು ಹಾಕಿದಾಗಲೇ ಬಣ್ಣ ಬಯಲಾಗುವುದು. ತಾಲೀಮು ತಾಣಕ್ಕೆ ಅಸಲಿಯಂಥ ದಾಖಲೆ ಬೇಕು ಎಂದು ಕಂಪ್ಯೂಟರ್ ಬಲ್ಲವರು ಒತ್ತಿ ಹೇಳುವುದು ಇದಕ್ಕೆ.

ಇನ್ನೊಂದು ವಿಷಯ ಭೂಮಿಯ ಇತಿಹಾಸದಲ್ಲಿ ನಮಗೆ ಕುತೂಹಲ ಹುಟ್ಟಿಸಿದ್ದು. ಒಂದು ತಾಲ್ಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾದ ದಿನದಿಂದ ಅಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಸರ್ಕಾರ ಅಧಿಸೂಚನೆ ಹೊರಡಿಸುತ್ತಿತ್ತು. ದೋಣಿ ದಾಟಿದ ಮೇಲೆ ಹರಿಗೋಲು ಸುಟ್ಟ ಹಾಗೆ. ವೆಬ್‌ಸೈಟ್ ನಡೆಸುವ ಯಾರನ್ನೇ ಕೇಳಿ, ವಾಪಸು ಹೋಗುವ ದಾರಿ ಇಟ್ಟುಕೊಂಡೇ ಬದಲಾವಣೆ ಮಾಡು ಎನ್ನುತ್ತಾರೆ. ಇಲ್ಲಿ ಸರ್ಕಾರ ಬೇಕೆಂದೇ ಆ ದಾರಿ ಮುಚ್ಚಿತು. ನಮಗೆ ಅದು ಸರಿ ಎಂದೇ ತೋರುತ್ತದೆ. ಕೈಬರಹವೂ ಇರಲಿ, ಕಂಪ್ಯೂಟರೂ ಇರಲಿ ಎಂದಿದ್ದರೆ ಎರಡು ಪಹಣಿ, ಎರಡು ದರ ಆಗಿರುತ್ತಿತ್ತು, ಲಂಚದ ಅಂಗಡಿ ಮುಚ್ಚುತ್ತಲೇ ಇರಲಿಲ್ಲ. ಆದರೆ ಹಿಂದಿರುಗುವ ದಾರಿ ಮುಚ್ಚುವವರ ಮೇಲೆ ಮುಂಚಿನ ಪರೀಕ್ಷೆಯ ಹೊರೆ ದುಪ್ಪಟ್ಟು. ಆ ಮುದ್ರಿತ ಹಾಳೆಗಳನ್ನು ಲೆಕ್ಕಿಗರಿಗೆ ಕೊಟ್ಟ ಹಾಗೆಯೇ ಪ್ರತಿ ಊರಿನ ಕಟ್ಟೆಯ ಮೇಲೆ ಜೋರಾಗಿ ಓದಿಸುವುದನ್ನೂ ಕಡ್ಡಾಯ ಮಾಡಬೇಕಿತ್ತು ಎಂಬುದು ನಮ್ಮ ತಕರಾರು. ತನ್ನ ಹೆಸರಿನ ತಪ್ಪನ್ನು ಹೆಸರಿನ ಒಡೆಯನಷ್ಟು ಬೇಗ ಯಾರೂ ಹಿಡಿಯಲಾರರು.

ನೀರಾವರಿ ಎಂಜಿನಿಯರುಗಳು ಈ ವಿದ್ಯೆಯಲ್ಲಿ ಕಂಪ್ಯೂಟರಿನವರಿಗಿಂತ ಹಿರಿಯರು. ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ. ಅಣೆಕಟ್ಟಿನ, ಕೋಡಿಯ, ನಾಲೆಯ ಪುಟ್ಟ ಮಾದರಿ ಕಟ್ಟಿ, ನೀರು ಹರಿಸಿ, ಎಲ್ಲಿ ಕೊರೆಯುತ್ತದೆ ಎಂದು ನೋಡುವುದು ಅಲ್ಲಿನ ಕೆಲಸಗಳಲ್ಲಿ ಒಂದು. ಮಾದರಿ ಕೊಚ್ಚಿಹೋದರೆ ಒಂದು ಬುಟ್ಟಿ ಮರಳು ಹೋಯಿತು. ಅಣೆಕಟ್ಟು ಹೋದರೆ ಊರೂರೇ ಹೋಗುತ್ತವೆ.

ಆದರೆ ತಾಲೀಮು ತಾಣ ಎಂದರೆ ಏನೆಂದು ಕಣ್ಣಾರೆ ತೋರಿಸಬೇಕೆಂದರೆ ನಾವು ನಿಮ್ಮನ್ನು ಪಕ್ಕದ ಚಿತ್ರದುರ್ಗ ಜಿಲ್ಲೆಗೆ ಕರೆದೊಯ್ಯುತ್ತೇವೆ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲು. ಕುರಿ ಮೇಯುತ್ತಿದ್ದ ಬಯಲು. ಅಲ್ಲಿ ಇಸ್ರೋದವರು ನೆಲ ಅಗೆದು ಚಂದ್ರನ ಮೇಲಿನಂಥ ಕುಳಿಗಳನ್ನು ಮಾಡಿದರು. ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಕೆಳಗೆ ಹಳ್ಳವಿದೆಯೇ, ಸಮತಟ್ಟು ಇದೆಯೇ ಎಂದು ತಾನೇ ನೋಡಿಕೊಂಡು ಜಾಗ ಆರಿಸಬೇಕಿತ್ತು. ಚಂದ್ರನ ಮೇಲೆ ಹೋಗಿ ಅಭ್ಯಾಸ ಮಾಡಲಾಗುವುದಿಲ್ಲವಲ್ಲ. 2016ರಲ್ಲಿ ಆ ಲ್ಯಾಂಡರಿನ ಸಂವೇದಕಗಳನ್ನು ಒಂದು ಸಣ್ಣ ವಿಮಾನಕ್ಕೆ ಕಟ್ಟಿ ಚಳ್ಳಕೆರೆಯ ಈ ಚಂದ್ರನ ಮೇಲೆ ಹಾರಿಸಿ ನೋಡಿದರು.

ಕುಳಿ ತೋಡಬಹುದು, ಮಣ್ಣು? ಚಂದ್ರನ ಮಣ್ಣನ್ನು ಹೋಲುವ ಪುಡಿಯನ್ನು ತಮಿಳುನಾಡಿನ ಸಿತ್ತಂಪೂಂಡಿಯ ಕಲ್ಲು ಅರೆದು ಮಾಡಿದರು, ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಹಾಸಿ ಅದರ ಮೇಲೆ ರೋವರ್ ಓಡಿಸಿದರು. ಇನ್ನು ತೂಕ. ಚಂದ್ರನ ಮೇಲೆ ಎಲ್ಲದರ ತೂಕ ಇಲ್ಲಿನ ಆರನೇ ಒಂದು ಭಾಗ. ಅದಕ್ಕೆ ರೋವರನ್ನು ಹೀಲಿಯಂ ಬಲೂನಿಗೆ ಕಟ್ಟಿ ಹಗುರ ಮಾಡಿದರು. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಜಾತ್ರೆಯ ಬಲೂನು ಕಟ್ಟಿದ ಹಾಗೆ. ನಕಲು ಅಸಲಿಗೆ ಎಷ್ಟು ಹತ್ತಿರ ಇರಬೇಕು ಎಂಬ ಹಟ ಅಂದರೆ ಇದು.

ಅಷ್ಟಾದರೂ 2019ರ ಸೆಪ್ಟೆಂಬರ್ 7ರ ನಡುರಾತ್ರಿ ದಾಟಿದ ಮೇಲೆ, ನೆಲಕ್ಕೆ ಇಳಿಯುತ್ತಿರುವಾಗ ಲ್ಯಾಂಡರಿನ ಸಂಪರ್ಕ ಕಡಿದುಹೋಯಿತು. ಅದು ಅಪ್ಪಳಿಸಿತ್ತು. ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಮುಂದೆ ವಿವರಿಸಿದ ಪ್ರಕಾರ ಎಂಜಿನುಗಳ ಒತ್ತು ಅಂದಾಜಿಗಿಂತ ಹೆಚ್ಚಾಗಿತ್ತು, ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತಾ ಹೋದವು, ಅವನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಿತ್ತು, ಅಷ್ಟು ಬೇಗ ತಿರುಗಲು ಸಾಫ್ಟ್‌ವೇರಿನ ಮಿತಿ ಬಿಡಲಿಲ್ಲ. ಇಳಿಯಲು ಗುರುತಿಸಿದ್ದ ಜಾಗವೂ 500 ಮೀಟರ್ ಉದ್ದ, 500 ಮೀಟರ್ ಅಗಲದ ಚಿಕ್ಕ ಚೌಕ. ತಾಲೀಮಿನಲ್ಲಿ ಎಲ್ಲವೂ ಅಂದಾಜಿನಂತೆಯೇ ನಡೆದರೆ ಏನು ಎಂದು ನೋಡುವುದು ಸುಲಭ. ಅಂದಾಜು ಎಲ್ಲ ಕಡೆಯಿಂದ ಒಟ್ಟಿಗೆ ತಪ್ಪಿದರೆ ಏನು ಎಂಬುದನ್ನು ಆಡಿ ನೋಡುವುದು ಕಷ್ಟ.

ಚಂದ್ರಯಾನ-3ರಲ್ಲಿ ಅವರು ಅದನ್ನೇ ಮಾಡಿದರು. ಏನೇನು ಕೆಡಬಹುದು ಎಂದು ಪಟ್ಟಿ ಮಾಡಿ, ಒಂದೊಂದನ್ನೂ ಕೆಡಿಸಿ ನೋಡಿದರು. ಲ್ಯಾಂಡರನ್ನು ಕ್ರೇನಿಗೆ ನೇತುಹಾಕಿ, ಸಂವೇದಕಗಳನ್ನು ಹೆಲಿಕಾಪ್ಟರಿಗೆ ಕಟ್ಟಿ ಪರೀಕ್ಷಿಸಿದರು. ಇಳಿಯುವ ಜಾಗವನ್ನು ಸುಮಾರು 4 ಕಿಲೋಮೀಟರ್ ಉದ್ದ, 2.5 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಅದು ಇಳಿದದ್ದನ್ನು ನೀವೂ ಫೋನಿನಲ್ಲೇ ನೋಡಿದ್ದೀರಿ.

ದುಡ್ಡಿಲ್ಲದವರು ತಾಲೀಮು ಬಿಡುತ್ತಾರೆ ಎಂದುಕೊಳ್ಳಬೇಡಿ. 2013ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಆರೋಗ್ಯ ವಿಮೆಯ ವೆಬ್‌ಸೈಟ್ ತೆರೆಯಿತು. ಲಕ್ಷಾಂತರ ಜನ ನುಗ್ಗಿದರು, ಮೊದಲ ದಿನ ಪೂರ್ತಿಯಾಗಿ ನೋಂದಣಿ ಮಾಡಿಕೊಳ್ಳಲು ಆದದ್ದು ಬರೀ 6 ಜನರಿಗೆ. ತುದಿಯಿಂದ ತುದಿಯವರೆಗಿನ ಪರೀಕ್ಷೆಗೆ ಕೊನೆಯ ಎರಡು ವಾರವಷ್ಟೇ ಸಿಕ್ಕಿತ್ತು ಎಂದು ಕೆಲಸ ಮಾಡಿದ ಗುತ್ತಿಗೆದಾರರು ಆಮೇಲೆ ಸಂಸತ್ತಿನ ಮುಂದೆ ಹೇಳಿದರು. ನಮ್ಮಲ್ಲಿ 2021ರ ಜೂನ್ 7ರಂದು ಆದಾಯ ತೆರಿಗೆಯ ಹೊಸ ತಾಣ ತೆರೆದಾಗಲೂ ತಿಂಗಳುಗಟ್ಟಲೆ ತೊಂದರೆ. ರಿಟರ್ನ್ ಸಲ್ಲಿಸುವ ಗಡುವನ್ನೇ ಡಿಸೆಂಬರ್ 31ರವರೆಗೆ ಮುಂದಕ್ಕೆ ಹಾಕಬೇಕಾಯಿತು. ತೆರಿಗೆ ಕಟ್ಟುವವರಿಗೆ ಗಡುವು ಮುಂದಕ್ಕೆ ಹೋಗುತ್ತದೆ. ಬೆಳೆ ವಿಮೆಯ ಕೊನೆಯ ದಿನ ಸರ್ವರ್ ಮಲಗಿದರೆ ಮಳೆ ತನ್ನ ಗಡುವನ್ನು ಮುಂದಕ್ಕೆ ಹಾಕುವುದಿಲ್ಲ.

ತಾಲೀಮಿಗೂ ತನ್ನದೇ ಅಪಾಯ ಉಂಟು. ಮತಗಟ್ಟೆಯಲ್ಲಿ ಏಜೆಂಟಾಗಿ ಕೂತವರಿಗೆ ಅಣಕು ಮತದಾನ ಗೊತ್ತು. ಅಸಲಿ ಮತದಾನಕ್ಕೆ 90 ನಿಮಿಷ ಮುಂಚೆ, ಏಜೆಂಟರ ಎದುರಿಗೆ, ಕನಿಷ್ಠ 50 ಮತ ಹಾಕಿ ಯಂತ್ರ ಸರಿಯಾಗಿ ಎಣಿಸುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಆ ಮತಗಳನ್ನು ಅಳಿಸಿ, ಸೊನ್ನೆ ತೋರಿಸಿ, ಸೀಲು ಹಾಕುತ್ತಾರೆ. ಈ ಅಳಿಸುವ ಹೆಜ್ಜೆ ಮರೆತ ಪ್ರಕರಣಗಳು ದೇಶದಲ್ಲಿ ನಡೆದಿವೆ. ಅಂಥ ಯಂತ್ರ ಬಂದರೆ ಎಣಿಕೆಯ ದಿನ ಏನು ಮಾಡಬೇಕು ಎಂದು ಚುನಾವಣಾ ಆಯೋಗ ಪ್ರತ್ಯೇಕ ಸೂಚನೆಯನ್ನೇ ಕೊಟ್ಟಿದೆ. ಅಣಕಿನ ಮತ ಅಸಲಿಯೊಳಗೆ ಸೇರಿದರೆ ಪರೀಕ್ಷೆ ಮಾಡಿದ್ದೇ ಹಾನಿಯಾಗುತ್ತದೆ. ವೆಬ್‌ಸೈಟಿನಲ್ಲೂ ಹಾಗೆಯೇ. 2021ರ ಜೂನ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್ ಎಂಬ ಸಿನಿಮಾ ಕಂಪನಿಯ ಪರೀಕ್ಷಾ ಇಮೇಲ್ ಒಂದು ನಿಜವಾದ ಗ್ರಾಹಕರಿಗೇ ಹೋಗಿಬಿಟ್ಟಿತು. ಜನ ನಕ್ಕು ಸುಮ್ಮನಾದರು, ಏಕೆಂದರೆ ಅದರಲ್ಲಿ ಏನೂ ಇರಲಿಲ್ಲ. ನಿಮ್ಮ ಸಾಲ ಮನ್ನಾ ಆಗಿದೆ ಎಂಬ ಪರೀಕ್ಷಾ ಸಂದೇಶ ಒಂದು ಸೊಸೈಟಿಯಿಂದ ಎಲ್ಲ ಸದಸ್ಯರಿಗೂ ಹೋಯಿತು ಎಂದು ಊಹಿಸಿಕೊಳ್ಳಿ.

ಇದೆಲ್ಲ ದೊಡ್ಡವರ ಮಾತಾಯಿತು. ಈಗ ನಮ್ಮ ಊರುಗಳಲ್ಲೂ ವೆಬ್‌ಸೈಟುಗಳಿವೆ. ರೈತ ಉತ್ಪಾದಕರ ಕಂಪನಿ, ಸಹಕಾರ ಸಂಘ, ಶಾಲೆ, ಬೀಜ ಗೊಬ್ಬರದ ಅಂಗಡಿ. ಊರಿನ ಓದಿದ ಹುಡುಗಿಯೋ ಹುಡುಗನೋ ಅದನ್ನು ನೋಡಿಕೊಳ್ಳುತ್ತಿರುತ್ತಾರೆ. ಅವರಿಗೆ ಎರಡು ಮಾತು. ವರ್ಡ್‌ಪ್ರೆಸ್‌ನಂಥದ್ದರಲ್ಲಿ ತಾಣ ಕಟ್ಟಿದ್ದರೆ, ಹೋಸ್ಟಿಂಗ್ ಕೊಡುವ ಹಲವು ಕಂಪನಿಗಳು ಒಂದು ಗುಂಡಿ ಒತ್ತಿದರೆ ಪಡಿಯಚ್ಚು ಮಾಡಿಕೊಡುತ್ತವೆ. ಆ ಪಡಿಯಚ್ಚಿಗೆ ಮೊದಲು ಪಾಸ್‌ವರ್ಡ್ ಹಾಕಿ, ಗೂಗಲ್ ಕಣ್ಣಿಗೆ ಬೀಳದಂತೆ ಮುಚ್ಚಿ, ಇಲ್ಲದಿದ್ದರೆ ಜನ ನಕಲಿಗೇ ಬಂದು ಆರ್ಡರ್ ಹಾಕುತ್ತಾರೆ. ಮೆಸೇಜ್, ಇಮೇಲ್, ಹಣ ಪಾವತಿ ಮೂರನ್ನೂ ಅಲ್ಲಿ ಕಟ್ಟಿಹಾಕಿ. ಸದಸ್ಯರ ಆಧಾರ್, ಖಾತೆ ಸಂಖ್ಯೆ ಪಡಿಯಚ್ಚಿನೊಳಗೆ ಹಾಗೇ ಬಿಡಬೇಡಿ, ಅಂಕಿಗಳನ್ನು ಬದಲಿಸಿ. ತಿಜೋರಿಗೆ ಬೀಗ ಹಾಕಿ ಅದರೊಳಗಿನದರ ನಕಲನ್ನು ಜಗುಲಿಯಲ್ಲಿ ಇಟ್ಟ ಹಾಗಾಗಬಾರದು.

ದಾಟಿಸುವಾಗ ಒಂದು ಎಚ್ಚರ. ನೀವು ಪಡಿಯಚ್ಚಿನಲ್ಲಿ ನಾಲ್ಕು ದಿನ ಕೆಲಸ ಮಾಡುತ್ತಿದ್ದಾಗ ಅಸಲಿ ತಾಣಕ್ಕೆ ಹೊಸ ಅರ್ಜಿಗಳು ಬಂದಿರುತ್ತವೆ. ಪಡಿಯಚ್ಚನ್ನು ಇಡಿಯಾಗಿ ಅಸಲಿಯ ಮೇಲೆ ಹೇರಿದರೆ ಆ ನಾಲ್ಕು ದಿನದ ಅರ್ಜಿಗಳು ಅಳಿಸಿಹೋಗುತ್ತವೆ. ಬದಲಾದ ಭಾಗ ಮಾತ್ರ ದಾಟಬೇಕು, ಜನ ತುಂಬಿದ ದಾಖಲೆ ಇದ್ದಲ್ಲೇ ಇರಬೇಕು. ಅದಕ್ಕೂ ಮುಂಚೆ ಅಸಲಿಯ ಬ್ಯಾಕಪ್ ಇರಬೇಕು, ಆ ಬ್ಯಾಕಪ್‌ನಿಂದ ತಾಣ ಮತ್ತೆ ಎದ್ದು ನಿಲ್ಲುತ್ತದೆಯೇ ಎಂದು ಒಮ್ಮೆಯಾದರೂ ನೋಡಿರಬೇಕು.

ಕನ್ನಡದವರಿಗೆ ಇನ್ನೊಂದು ಕೆಲಸ ಹೆಚ್ಚು. ನಕಲಿನಲ್ಲಿ ಪರೀಕ್ಷಿಸುವಾಗ ರಮ, ಕಮಲ ಎಂದು ಬರೆದು ಸರಿಯಿದೆ ಎನ್ನಬೇಡಿ. ಮಲ್ಲಿಕಾರ್ಜುನಪ್ಪ ಎಂದು ಬರೆಯಿರಿ, ದ್ರಾಕ್ಷಾಯಣಮ್ಮ ಎಂದು ಬರೆಯಿರಿ. ಅರ್ಕಾವತ್ತು, ಒತ್ತು ನೆಟ್ಟಗೆ ಕೂರುತ್ತವೆಯೇ ನೋಡಿ. ನುಡಿ, ಬರಹದ ಹಳೆಯ ಅಕ್ಷರದಲ್ಲಿ ಬರೆದಿಟ್ಟದ್ದನ್ನು ಯೂನಿಕೋಡಿಗೆ ತಂದಿದ್ದರೆ ಇನ್ನೂ ಸೂಕ್ಷ್ಮವಾಗಿ ನೋಡಿ. ನಮ್ಮವರಿಗೆ ಮನೆತನದ ಹೆಸರು ಕೊನೆಯಲ್ಲಿ ಬರುವುದಿಲ್ಲ, ಇನಿಷಿಯಲ್ ಮುಂದೆ ಬರುತ್ತದೆ. 'ಕೊನೆಯ ಹೆಸರು ಕಡ್ಡಾಯ' ಎಂದು ಹಟ ಹಿಡಿಯುವ ಅರ್ಜಿ ನಮೂನೆ ಊರಿನ ಅರ್ಧ ಜನರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಆಮೇಲೆ ಆ ನಕಲನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಷ್ಟೇ ನೋಡದೆ, ಗಾಜು ಒಡೆದ, ಮೆಮೊರಿ ತುಂಬಿದ, ಒಂದೇ ಗೆರೆ ಸಿಗ್ನಲ್ ಇರುವ ಫೋನೊಂದರಲ್ಲಿ, ಅದೂ ಅಪ್ಪನದೋ ಅಮ್ಮನದೋ ಕೈಗೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ನೋಡಿ.

ಸರ್ಕಾರ ಈಗಲೂ ಹಂತ ಹಂತವಾಗಿಯೇ ಹೆಜ್ಜೆ ಇಡುತ್ತಿದೆ. ನೋಂದಣಿಯ ಕಾವೇರಿ-2 ತಂತ್ರಾಂಶವನ್ನು ಮೊದಲು ಇಳಿಸಿದ ಕಡೆಗಳಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ಒಂದು. 1991ರ ಪ್ರಯೋಗ ನಡೆದ ಅದೇ ಜಿಲ್ಲೆ. 2024ರಲ್ಲಿ ಶುರುವಾದ ಭೂ ಸುರಕ್ಷಾ ಯೋಜನೆಯನ್ನೂ ಮೊದಲು ಜಿಲ್ಲೆಗೊಂದರಂತೆ 31 ತಾಲ್ಲೂಕುಗಳಲ್ಲಿ ಮಾಡಿ ನೋಡಿದರು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಹುಳ ತಿನ್ನುತ್ತಿರುವ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಡುವ ಕೆಲಸ ಅದು. ಈ ಸಲ ಯಾರೂ ಕೂತು ಹೊಸದಾಗಿ ಟೈಪ್ ಮಾಡುವುದಿಲ್ಲ, ಇದ್ದದ್ದು ಇದ್ದ ಹಾಗೆ ಚಿತ್ರವಾಗುತ್ತದೆ. ಭೂಮಿಗೆ ಮುಂಚಿನ ಕೈಬರಹದ ಪಹಣಿಗಳೂ ಆ ಕೋಣೆಯಲ್ಲೇ ಇರುವುದು. ನಿಮ್ಮ ಕಂಪ್ಯೂಟರ್ ಪಹಣಿಯಲ್ಲಿ ಹೆಸರೋ ಗುಂಟೆಯೋ ಏರುಪೇರಾಗಿದೆ ಅನ್ನಿಸಿದರೆ ಹರಿಹರದ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು, ಸರ್ವೆ ನಂಬರ್ ಬರೆದು, ಆ ಹಳೆಯ ಪಹಣಿಯ ದೃಢೀಕೃತ ನಕಲು ಕೇಳಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ಮನೆಯಲ್ಲೇ ತಾಳೆ ನೋಡಬಹುದು.